ಬೆಳಗಿನ ರೈಲು, ಸಂಜೆಯ ಬಸ್ಸು: ನಮ್ಮ ಓಡಾಟದ ಜೊತೆ ಸೋಂಕು ಹೇಗೆ ಸಾಗುತ್ತದೆ

2020ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಕೊರೊನಾ ಪತ್ತೆಯಾಯಿತು. ರಾಜ್ಯದಲ್ಲಿ ಮೊದಮೊದಲು ಸೋಂಕು ಕಂಡ ಊರುಗಳಲ್ಲಿ ಅದೂ ಒಂದು. ಅದೇ ತಿಂಗಳ ಕೊನೆಗೆ ತುಮಕೂರು ಜಿಲ್ಲೆಯ ಶಿರಾದ ಹೆಸರು ಸುದ್ದಿಗೆ ಬಂತು. ಆದರೆ ಕೋಲಾರ ಜಿಲ್ಲೆಯಲ್ಲಿ ಮೇ 12ರವರೆಗೆ ಒಂದೇ ಒಂದು ಕೇಸೂ ಪತ್ತೆಯಾಗಲಿಲ್ಲ. ಆವರೆಗೂ ಅದು ಹಸಿರು ವಲಯ.

ಇದು ಯೋಚಿಸಬೇಕಾದ ವಿಷಯ ಅಲ್ವಾ? ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಬೆಂಗಳೂರಿನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. 55ರಿಂದ 70 ಕಿಲೋಮೀಟರ್ ಅಷ್ಟೇ. ಮೂರು ಊರಿನ ಜನರೂ ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹವಾಮಾನ, ಊಟ, ಮನೆಗಳು ಎಲ್ಲವೂ ಒಂದೇ ಥರ. ಹಾಗಿದ್ದೂ ಒಂದು ಕಡೆ ಮಾರ್ಚ್, ಇನ್ನೊಂದು ಕಡೆ ಮೇ.

ಇದಕ್ಕೆ ಉತ್ತರ ನಕ್ಷೆಯ ಕಿಲೋಮೀಟರ್‌ಗಳಲ್ಲಿ ಸಿಗುವುದಿಲ್ಲ. ಯಾರು, ಯಾವಾಗ, ಎಲ್ಲಿಗೆ ಹೋಗಿ ಬಂದರು ಎಂಬುದರಲ್ಲಿ ಸಿಗುತ್ತದೆ. ಗೌರಿಬಿದನೂರಿನ ಮೊದಲ ಸೋಂಕಿತರು ವಿದೇಶ ಪ್ರಯಾಣ ಮುಗಿಸಿ ಬಂದವರು. ಆಮೇಲೆ ಅವರ ಮನೆಯವರಿಗೆ ಸೋಂಕು ತಗುಲಿತು. ಕೋಲಾರದ ಮೊದಲ ಕೇಸುಗಳು ಮುಳಬಾಗಿಲು ತಾಲ್ಲೂಕಿನವು. ಅವರಲ್ಲಿ ಹೊರರಾಜ್ಯಕ್ಕೆ ಹೋಗಿ ಬಂದವರಿದ್ದರು. ಅಷ್ಟು ದಿನ ಕೋಲಾರ ಉಳಿದುಕೊಂಡದ್ದರಲ್ಲಿ ಅದೃಷ್ಟವೂ ಇತ್ತು. ಮೊದಲ ವಾರಗಳಲ್ಲಿ ಸೋಂಕು ಹೊತ್ತು ಊರಿಗೆ ಬಂದವರು ಎಲ್ಲೆಡೆಯೂ ಬೆರಳೆಣಿಕೆಯಷ್ಟೇ. ಅವರು ಯಾವ ಊರಿನವರಾಗಿದ್ದರೋ ಆ ಊರಿನಲ್ಲಿ ಕೇಸು ಕಂಡಿತು.

ಜನರ ಓಡಾಟಕ್ಕೂ ಸೋಂಕಿಗೂ ಇರುವ ನಂಟನ್ನು ಅರ್ಥ ಮಾಡಿಕೊಳ್ಳಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಸೋಂಕು ನಮ್ಮ ಊರಿಗೆ ಹೇಗೆ ಬಂತು? ಬಂದ ಮೇಲೆ ಹೇಗೆ ಬೆಳೆಯಿತು? ಹುಲ್ಲಿನ ಬಣವೆಗೆ ಕಿಡಿ ಎಲ್ಲಿಂದ ಹಾರಿ ಬಂತು ಎನ್ನುವುದು ಒಂದು ಮಾತು. ಬಣವೆ ಎಷ್ಟು ಒಣಗಿತ್ತು, ಪಕ್ಕದ ಬಣವೆ ಎಷ್ಟು ಹತ್ತಿರ ಇತ್ತು ಎನ್ನುವುದು ಬೇರೆ ಮಾತು. ದೂರದ ಪ್ರಯಾಣ ಕಿಡಿಯನ್ನು ತರುತ್ತದೆ. ಊರೊಳಗಿನ ದಿನದ ಓಡಾಟ ಅದನ್ನು ಬೆಂಕಿ ಮಾಡುತ್ತದೆ. ಈ ಎರಡನ್ನೂ ಕಲಸಿಬಿಟ್ಟರೆ ತಪ್ಪು ಕಡೆ ಬೇಲಿ ಹಾಕುತ್ತೇವೆ. ನಾವು ಹಾಗೆ ಮಾಡಿದ್ದೂ ಇದೆ.

ಹುಬ್ಬಳ್ಳಿಯಿಂದ ಬಂದ ಪ್ಲೇಗು

ನಮ್ಮ ಭಾಗಕ್ಕೆ ಈ ಪಾಠ ಹೊಸದೇನಲ್ಲ. 1896ರಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಹೆದರಿದ ಜನ ಊರು ಬಿಟ್ಟು ಓಡಿದರು. ರೈಲು ಇದ್ದ ಕಡೆಗೆಲ್ಲ ಪ್ಲೇಗು ಹಬ್ಬಿತು. ಹುಬ್ಬಳ್ಳಿಗೆ ಬಂತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ತಲುಪಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲು ಹಾದಿ ಯಾವುದು? ಹರಿಹರ, ಬೀರೂರು, ಅರಸೀಕೆರೆ, ತಿಪಟೂರು, ತುಮಕೂರು. ಇವತ್ತಿಗೂ ಅದೇ ಹಾದಿ.

ರೈಲು ಬರುವ ಮೊದಲು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎತ್ತಿನ ಗಾಡಿಯಲ್ಲಿ ಬರಲು ವಾರಗಳೇ ಬೇಕಿತ್ತು. ಸೋಂಕು ತಗುಲಿದವನು ದಾರಿಯಲ್ಲೇ ಮಲಗುತ್ತಿದ್ದ. ಒಂದೋ ಗುಣವಾಗುತ್ತಿತ್ತು, ಇಲ್ಲಾ ಸಾಯುತ್ತಿದ್ದ. ಪ್ರಯಾಣದ ಕಾಲ ಸೋಂಕಿನ ಕಾಲಕ್ಕಿಂತ ಉದ್ದವಿದ್ದರೆ ರೋಗ ದಾರಿಯಲ್ಲೇ ಸುಟ್ಟುಹೋಗುತ್ತದೆ. ರೈಲು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಸೋಂಕು ಮೈಗೆ ಸೇರಿ ಲಕ್ಷಣ ಕಾಣುವ ಮೊದಲೇ ಮನುಷ್ಯ ನೂರಾರು ಮೈಲಿ ದಾಟಿರುತ್ತಿದ್ದ. ವಿಮಾನ ಬಂದ ಮೇಲೆ ಇದೇ ಲೆಕ್ಕ ಇಡೀ ಲೋಕಕ್ಕೆ ಅನ್ವಯವಾಯಿತು. ದಡಾರ ಮೈಯೊಳಗೆ ಸೇರಿ ಲಕ್ಷಣ ತೋರಿಸಲು 10ರಿಂದ 14 ದಿನ ಬೇಕು. ಇಷ್ಟರಲ್ಲಿ ಭೂಮಿಯ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಹೋಗಬಹುದು.

ಆಗಿನ ಸರ್ಕಾರ ಏನು ಮಾಡಿತು? ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಮೈ ಮುಟ್ಟಿ ನೋಡಿತು. ಗಂಟು ಕಂಡವರನ್ನು ಬೇರೆ ಇರಿಸಿತು. ಆದರೆ ಗಡ್ಡೆ ಪ್ಲೇಗು ಮುಖ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡುವುದಲ್ಲ. ಇಲಿಯ ಮೈಮೇಲಿನ ಚಿಗಟ ಕಚ್ಚುವುದರಿಂದ ಬರುತ್ತದೆ. 1898ರಲ್ಲೇ ಕರಾಚಿಯಲ್ಲಿ ಪೌಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಇದನ್ನು ಪ್ರಯೋಗ ಮಾಡಿ ತೋರಿಸಿದ. ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಷ್ಟರಲ್ಲಿ ಪ್ರಯಾಣಿಕರನ್ನು ತಡೆದು ನಿಲ್ಲಿಸುತ್ತಿದ್ದ ನಿಲ್ದಾಣಗಳಲ್ಲೇ ಕಾಳಿನ ಮೂಟೆಗಳು ಇಳಿಯುತ್ತಿದ್ದವು. ಮೂಟೆಯೊಳಗೆ ಚಿಗಟವೂ ಬರುತ್ತಿತ್ತು, ಕೆಲವೊಮ್ಮೆ ಇಲಿಯೂ.

ಇದೇ ಕಾಲದ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಇಲಿ ಸತ್ತು ಬೀಳಲು ಶುರುವಾದರೆ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಚಿಗಟದ ವಿಷಯ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅದು ಸರಿಯಾದ ಕೆಲಸ. ಇಲಿ ಮತ್ತು ಚಿಗಟ ಹಟ್ಟಿಯಲ್ಲಿ ಉಳಿದವು, ಜನ ದೂರ ಹೋದರು. ಅಂದರೆ ಎಲ್ಲ ಓಡಾಟವೂ ಕೆಟ್ಟದ್ದಲ್ಲ. ಮುಂಬೈಯಿಂದ ಓಡಿದವರ ಜೊತೆ ರೋಗ ಹಬ್ಬಿತು. ಹೊಲಕ್ಕೆ ಹೋದವರು ಬದುಕಿಕೊಂಡರು. ರೋಗ ಯಾವ ದಾರಿಯಲ್ಲಿ ಹರಡುತ್ತದೆ ಎಂದು ಗೊತ್ತಾಗದೆ ಓಡಾಟ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲಾಗದು.

ಕಿಲೋಮೀಟರ್ ಅಲ್ಲ, ಎಷ್ಟು ಜನ ಹೋಗುತ್ತಾರೆ

ಊರಿಂದ ಊರಿಗೆ ಎಷ್ಟು ಜನ ಹೋಗುತ್ತಾರೆ ಎಂದು ಅಂದಾಜು ಮಾಡಲು ವಿಜ್ಞಾನಿಗಳು ಬಹಳ ಕಾಲದಿಂದ ಒಂದು ಸರಳ ಸೂತ್ರ ಬಳಸುತ್ತಾರೆ. ಎರಡೂ ಊರು ದೊಡ್ಡವಾದಷ್ಟೂ ಅವುಗಳ ನಡುವಿನ ಓಡಾಟ ಜಾಸ್ತಿ. ದೂರ ಹೆಚ್ಚಾದಷ್ಟೂ ಓಡಾಟ ಕಡಿಮೆ. ನ್ಯೂಟನ್ನನ ಗುರುತ್ವದ ಸೂತ್ರದ ರೂಪವೇ ಇದಕ್ಕೂ ಇರುವುದರಿಂದ ಇದನ್ನು ಗುರುತ್ವ ಮಾದರಿ ಎಂದೇ ಕರೆಯುತ್ತಾರೆ. ಬ್ರಿಟನ್ನಿನಲ್ಲಿ ದಡಾರ ದೊಡ್ಡ ನಗರಗಳಿಂದ ಸಣ್ಣ ಊರುಗಳಿಗೆ ಅಲೆಗಳಂತೆ ಹೋಗುತ್ತಿದ್ದುದನ್ನು ವಿವರಿಸಲು ಇದು ಚೆನ್ನಾಗಿ ಒದಗಿತು. ದಡಾರ ದೊಡ್ಡ ನಗರದಲ್ಲಿ ವರ್ಷವಿಡೀ ಉಳಿಯಬಲ್ಲದು, ಏಕೆಂದರೆ ಅಲ್ಲಿ ಹೊಸ ಮಕ್ಕಳು ಹುಟ್ಟುತ್ತಲೇ ಇರುತ್ತಾರೆ. ಅದಕ್ಕೆ ಎರಡೂವರೆ ಲಕ್ಷದಿಂದ ಐದು ಲಕ್ಷ ಜನರಿರುವ ಊರು ಬೇಕು ಎಂಬ ಅಂದಾಜಿದೆ. ಸಣ್ಣ ಊರಿನಲ್ಲಿ ಅದು ಬಂದು, ಸಿಕ್ಕವರಿಗೆಲ್ಲ ತಗುಲಿ, ನಂದಿಹೋಗುತ್ತದೆ. ಮತ್ತೆ ದೊಡ್ಡ ಊರಿಂದ ಯಾರೋ ತರುವವರೆಗೆ ಸುಮ್ಮನಿರುತ್ತದೆ.

2013ರಲ್ಲಿ ಡಿರ್ಕ್ ಬ್ರಾಕ್‌ಮನ್ ಮತ್ತು ಡಿರ್ಕ್ ಹೆಲ್ಬಿಂಗ್ ಎಂಬ ವಿಜ್ಞಾನಿಗಳು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಅವರು ಹೇಳಿದ್ದಿಷ್ಟು: ಭೂಪಟದ ದೂರವನ್ನು ಮರೆತುಬಿಡಿ. ಒಂದು ಊರಿಂದ ಹೊರಟವರಲ್ಲಿ ಎಷ್ಟು ಪಾಲು ಜನ ಇನ್ನೊಂದು ಊರಿಗೆ ಹೋಗುತ್ತಾರೆ ಎಂಬುದನ್ನೇ ದೂರ ಎಂದು ಲೆಕ್ಕ ಹಾಕಿ. ಜಾಸ್ತಿ ಜನ ಹೋದರೆ ಹತ್ತಿರ, ಕಡಿಮೆ ಜನ ಹೋದರೆ ದೂರ. 2003ರಲ್ಲಿ ಹಬ್ಬಿದ ಸಾರ್ಸ್ ಎಂಬ ಉಸಿರಾಟದ ಕಾಯಿಲೆ ಮತ್ತು 2009ರ ಎಚ್1ಎನ್1 ಜ್ವರವನ್ನು ಈ ರೀತಿ ಮತ್ತೆ ನೋಡಿದರು. ಸಾಮಾನ್ಯ ನಕ್ಷೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಕಂಡ ಹರಡುವಿಕೆ, ಈ ಹೊಸ ನಕ್ಷೆಯಲ್ಲಿ ಕ್ರಮವಾಗಿ ಹಬ್ಬುವ ಅಲೆಯಾಗಿ ಕಂಡಿತು.

ನಮ್ಮ ಕಡೆಗೆ ಇದನ್ನು ಹೊಂದಿಸಿ ನೋಡೋಣ. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ ಕೊನೆಗೆ ಮುಚ್ಚಿತು. ಕೆಲಸ ಹೋದ ಮನೆಗಳ ಮಕ್ಕಳು ಬೆಂಗಳೂರಿನ ದಾರಿ ಹಿಡಿದರು. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಗಿನ ಜಾವ ಹೊರಡುವ ರೈಲುಗಳು ತುಂಬಿ ತುಳುಕುತ್ತವೆ. ಈ ಲೆಕ್ಕದಲ್ಲಿ ಕೆಜಿಎಫ್‌ಗೆ ಬೆಂಗಳೂರಿನ ಕಂಟೋನ್ಮೆಂಟ್ ಪಕ್ಕದ ಬೀದಿ. ನಡುವಿನ ಎಷ್ಟೋ ಹಳ್ಳಿ ಅದಕ್ಕಿಂತ ದೂರ. ತುಮಕೂರಿನಿಂದ ಯಶವಂತಪುರಕ್ಕೆ ಸೀಸನ್ ಪಾಸು ಮಾಡಿಸಿಕೊಂಡು ಓಡಾಡುವವರ ಕಥೆಯೂ ಇದೇ.

ಪಾವಗಡವನ್ನು ನೋಡಿ. ಅದು ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಬಹುತೇಕ ಸುತ್ತಲೂ ಆಂಧ್ರದ ನೆಲ. ಗೌರಿಬಿದನೂರಿನವರಿಗೆ ಹಿಂದೂಪುರ ಕೂಗಳತೆಯ ಊರು. ಬಾಗೇಪಲ್ಲಿಯ ಅನೇಕ ಮನೆಗಳಿಗೆ ಗಡಿಯಾಚೆ ಬೀಗರಿದ್ದಾರೆ. ಮುಳಬಾಗಿಲಿಗೆ ಪಲಮನೇರು, ಚಿತ್ತೂರು ಹತ್ತಿರ. ಸಂತೆ, ಮದುವೆ, ಆಸ್ಪತ್ರೆ ಎಲ್ಲಕ್ಕೂ ಜನ ಗಡಿ ದಾಟುತ್ತಾರೆ. ಕೇಸುಗಳ ಲೆಕ್ಕ ಮಾತ್ರ ಜಿಲ್ಲೆ ಜಿಲ್ಲೆಗೆ, ರಾಜ್ಯ ರಾಜ್ಯಕ್ಕೆ ಬೇರೆ ಬೇರೆ. ಹಿಂದೂಪುರದಲ್ಲಿ ಜ್ವರ ಎದ್ದರೆ ಗೌರಿಬಿದನೂರಿನ ಆರೋಗ್ಯ ಇಲಾಖೆಯವರಿಗೆ ಅದು ಅದೇ ದಿನ ಗೊತ್ತಾಗಬೇಕು. ಜನರ ಓಡಾಟದ ಪ್ರಕಾರ ಅವೆರಡೂ ಒಂದೇ ಊರಿನ ಎರಡು ಬಡಾವಣೆಗಳು.

ದಾರಿ ಮುಚ್ಚಿದರೆ ಎಷ್ಟು ಲಾಭ?

2020ರ ಏಪ್ರಿಲ್‌ನಲ್ಲಿ ಅನೇಕ ಹಳ್ಳಿಗಳಲ್ಲಿ ಜಾಲಿ ಮುಳ್ಳು ಎಳೆದು, ರಸ್ತೆ ಅಗೆದು ದಾರಿ ಮುಚ್ಚಿದರು. ಇದರಿಂದ ಎಷ್ಟು ಲಾಭ ಆಯಿತು? ಇಲ್ಲಿ ಒಂದು ಲೆಕ್ಕ ಮಾಡೋಣ. ಇದು ಬಹಳ ಜನರಿಗೆ ಅಚ್ಚರಿ ತರುತ್ತದೆ.

ನಗರದಲ್ಲಿ ಸೋಂಕಿತರ ಸಂಖ್ಯೆ ಮೂರು ದಿನಕ್ಕೊಮ್ಮೆ ಎರಡರಷ್ಟಾಗುತ್ತಿದೆ ಅಂತಿಟ್ಟುಕೊಳ್ಳಿ. ನೀವು ನಗರದಿಂದ ಊರಿಗೆ ಬರುವವರ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದಿರಿ. ಬರುವ ಸೋಂಕೂ ಅರ್ಧವಾಯಿತು. ಆದರೆ ಮೂರೇ ದಿನದಲ್ಲಿ ನಗರದ ಸೋಂಕು ಎರಡರಷ್ಟಾಗುತ್ತದೆ. ಅಲ್ಲಿಗೆ ನೀವು ಗಳಿಸಿದ್ದು ಮೂರು ದಿನ. ಸರಿ, ಶೇ 90ರಷ್ಟು ನಿಲ್ಲಿಸಿದಿರಿ. ಅಂದರೆ ಬರುವವರು ಹತ್ತರಲ್ಲಿ ಒಂದು ಪಾಲು. ನಗರದಲ್ಲಿ ಸೋಂಕು ಹತ್ತರಷ್ಟಾಗಲು ಎಷ್ಟು ದಿನ ಬೇಕು? ಎರಡು, ನಾಲ್ಕು, ಎಂಟು, ಇನ್ನೂ ಸ್ವಲ್ಪ. ಹತ್ತು ದಿನ. ಶೇ 99ರಷ್ಟು ನಿಲ್ಲಿಸಿದರೂ ಸಿಗುವುದು ಇಪ್ಪತ್ತು ದಿನ. ನೂರಕ್ಕೆ ತೊಂಬತ್ತೊಂಬತ್ತು ಜನರನ್ನು ತಡೆದು ಮೂರು ವಾರವೂ ಇಲ್ಲ!

ಇದು ಬರೀ ಕಾಗದದ ಲೆಕ್ಕವಲ್ಲ. 2020ರ ಜನವರಿ 23ರಂದು ಚೀನಾ ಸರ್ಕಾರ ವುಹಾನ್ ನಗರವನ್ನು ಮುಚ್ಚಿತು. ಆಮೇಲೆ ನಡೆದ ಒಂದು ಅಧ್ಯಯನದ ಪ್ರಕಾರ ಚೀನಾದೊಳಗೆ ಇದರಿಂದ ಸಾಂಕ್ರಾಮಿಕ ತಡವಾದದ್ದು 3ರಿಂದ 5 ದಿನ ಮಾತ್ರ. ಏಕೆಂದರೆ ಅಷ್ಟರಲ್ಲಾಗಲೇ ಬೇರೆ ನಗರಗಳಿಗೆ ಸೋಂಕು ತಲುಪಿತ್ತು. ಚೀನಾದ ಹೊಸ ವರ್ಷದ ಹಬ್ಬಕ್ಕೆ ಜನ ಊರುಗಳಿಗೆ ಹೊರಟ ಸಮಯ ಅದು.

ಹಾಗಾದರೆ ಪ್ರಯಾಣ ನಿಲ್ಲಿಸುವುದು ದಂಡವೇ? ಅಲ್ಲ. ಆ ಹತ್ತು ದಿನ ಬಹಳ ಬೆಲೆಯುಳ್ಳದ್ದು. ಆಮ್ಲಜನಕ ತರಿಸಬಹುದು, ಹಾಸಿಗೆ ಸಿದ್ಧ ಮಾಡಬಹುದು, ನರ್ಸ್‌ಗಳಿಗೆ ತರಬೇತಿ ಕೊಡಬಹುದು. ಆ ಹತ್ತು ದಿನವನ್ನು ಹೀಗೆ ಬಳಸದೆ ಮುಳ್ಳು ಹಾಕಿ ಕೂತರೆ ಮಾತ್ರ ದಂಡ. ಜೊತೆಗೆ, ಊರೊಳಗೆ ಒಬ್ಬರಿಂದ ಒಬ್ಬರಿಗೆ ಹರಡುವುದನ್ನು ಕಡಿಮೆ ಮಾಡಿದರೆ ಲೆಕ್ಕವೇ ಬದಲಾಗುತ್ತದೆ. ಆಗ ಎರಡರಷ್ಟಾಗಲು ಮೂರು ದಿನದ ಬದಲು ಆರೋ ಎಂಟೋ ದಿನ ಬೇಕಾಗುತ್ತದೆ. ಮಾಸ್ಕು, ಗಾಳಿ ಆಡುವ ಕೋಣೆ, ಜ್ವರ ಬಂದವರು ಮನೆಯಲ್ಲಿರುವುದು, ಲಸಿಕೆ ಇವೆಲ್ಲ ಮಾಡುವುದು ಇದನ್ನೇ.

ತಡವಾಗಿ ದಾರಿ ಮುಚ್ಚುವುದರಲ್ಲಿ ಇನ್ನೊಂದು ಅಪಾಯವಿದೆ. 2021ರ ಏಪ್ರಿಲ್ 26ರಂದು ರಾಜ್ಯ ಸರ್ಕಾರ ಮರುದಿನ ರಾತ್ರಿಯಿಂದ ಎಲ್ಲವನ್ನೂ ಮುಚ್ಚುವುದಾಗಿ ಹೇಳಿತು. ಬೆಂಗಳೂರಿನಲ್ಲಿ ಆಗಲೇ ಎರಡನೇ ಅಲೆ ಏರಿತ್ತು. ಘೋಷಣೆ ಕೇಳಿದ ಕೂಡಲೇ ಸಾವಿರಾರು ಜನ ಗಂಟುಮೂಟೆ ಕಟ್ಟಿದರು. ತುಮಕೂರು ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿದವು. ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆ ಹೊರಟವರನ್ನು ನಾನು ತಪ್ಪು ಅನ್ನಲಾರೆ. ಕೂಲಿ ನಿಂತ ಮೇಲೆ ಬಾಡಿಗೆ ಕಟ್ಟುವುದು ಎಲ್ಲಿಂದ? ಆದರೆ ತಿಂಗಳುಗಳಲ್ಲಿ ಹರಿಯಬೇಕಾದ ಓಡಾಟ ಎರಡು ದಿನದಲ್ಲಿ ಹರಿಯಿತು. ಅದೂ ನಗರದಲ್ಲಿ ಸೋಂಕು ಎತ್ತರದಲ್ಲಿದ್ದಾಗ. ಮೇ ತಿಂಗಳಲ್ಲಿ ತುಮಕೂರು ಜಿಲ್ಲೆಯಲ್ಲಿ ಕೇಸುಗಳು ಬಹಳ ಏರಿದವು. ಹಳ್ಳಿಗಳಿಗೂ ಸೋಂಕು ತಲುಪಿತು. ಜನ ಹೋಗುವುದಕ್ಕೆ ಸಮಯ, ಹೋದ ಕಡೆ ಪರೀಕ್ಷೆ, ಉಳಿಯುವವರಿಗೆ ಊಟ, ಬಾಡಿಗೆ, ಇವನ್ನು ಮೊದಲೇ ಯೋಚಿಸದೆ ದಿಢೀರ್ ಎಂದು ಬಾಗಿಲು ಹಾಕುವುದು ಸೋಂಕನ್ನು ನಿಲ್ಲಿಸುವುದಕ್ಕಿಂತ ಚೆದುರಿಸುವುದೇ ಜಾಸ್ತಿ.

ಲಕ್ಷಣಕ್ಕೆ ಮೊದಲೇ ಹರಡುವ ರೋಗಕ್ಕೂ ಲಕ್ಷಣದ ನಂತರ ಹರಡುವ ರೋಗಕ್ಕೂ ಇಲ್ಲಿ ಬಹಳ ವ್ಯತ್ಯಾಸ. 2003ರ ಸಾರ್ಸ್ ಭಯಾನಕ ರೋಗ. 8,098 ಜನರಿಗೆ ತಗುಲಿ 774 ಜನ ಸತ್ತರು. ಆದರೂ ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಲಾಯಿತು. ಅದು ಜಾಸ್ತಿ ಹರಡುತ್ತಿದ್ದುದು ಜ್ವರ ಜೋರಾಗಿ ರೋಗಿ ಹಾಸಿಗೆ ಹಿಡಿದ ಮೇಲೆ. ಹಾಸಿಗೆ ಹಿಡಿದವನು ಬಸ್ಸು ಹತ್ತುವುದಿಲ್ಲ. ಅವನನ್ನು ಬೇರೆ ಇರಿಸಿದರೆ ಸಾಕಿತ್ತು. ಕೋವಿಡ್ ಹಾಗಲ್ಲ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡಲು ಶುರು. ಚೆನ್ನಾಗಿಯೇ ಇದ್ದೇನೆ ಎಂದುಕೊಂಡು ಮನುಷ್ಯ ಆಫೀಸಿಗೆ ಹೋಗುತ್ತಾನೆ, ಮದುವೆಗೆ ಹೋಗುತ್ತಾನೆ. ನಿಲ್ದಾಣದಲ್ಲಿ ಹಣೆಗೆ ಹಿಡಿಯುವ ತಾಪಮಾಪಕಕ್ಕೆ ಅವನು ಸಿಕ್ಕುವುದಿಲ್ಲ.

ಸೊಳ್ಳೆ ದೂರ ಹೋಗದು, ನಾವು ಹೋಗುತ್ತೇವೆ

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಪತ್ತೆಯಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಆತಂಕ ಎದ್ದಿತು. ಈ ವೈರಸ್ಸನ್ನು ಹೊರುವ ಈಡಿಸ್ ಸೊಳ್ಳೆ ತನ್ನ ಬದುಕಿಡೀ ಹಾರುವುದು ಸಾಮಾನ್ಯವಾಗಿ ನೂರಿನ್ನೂರು ಮೀಟರ್. ಬೆಟ್ಟದ ತಪ್ಪಲಿನ ಒಂದು ಹಳ್ಳಿಗೆ ದೂರದ ವೈರಸ್ ಬರುವುದು ಸೊಳ್ಳೆಯ ರೆಕ್ಕೆಯಿಂದ ಅಲ್ಲ. ಸಾಮಾನ್ಯವಾಗಿ ಮನುಷ್ಯನ ರಕ್ತದಲ್ಲಿ ಬರುತ್ತದೆ. ಝೀಕಾ ತಗುಲಿದ ಐವರಲ್ಲಿ ನಾಲ್ವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ತಂದವರಿಗೇ ಅದು ಗೊತ್ತಿರುವುದಿಲ್ಲ.

ಚಿಕುನ್‌ಗುನ್ಯಾ ನಮ್ಮ ಹಿರಿಯರ ಕೀಲುಗಳಿಗೆ ಇನ್ನೂ ನೆನಪಿದೆ. 2004ರಲ್ಲಿ ಕೆನ್ಯಾದ ಕರಾವಳಿಯಲ್ಲಿ ಎದ್ದ ಈ ಜ್ವರ ಹಿಂದೂ ಮಹಾಸಾಗರದ ದ್ವೀಪಗಳಿಗೆ ಹೋಯಿತು. ರಿಯೂನಿಯನ್ ದ್ವೀಪದ ಮೂರನೇ ಒಂದು ಭಾಗ ಜನ ಮಲಗಿದರು. 2005ರ ಕೊನೆಗೆ ಭಾರತಕ್ಕೆ ಬಂತು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಕೇಸುಗಳು. ಅವುಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದಲ್ಲೇ. ಮೊದಲು ತತ್ತರಿಸಿದ ಜಿಲ್ಲೆಗಳಲ್ಲಿ ತುಮಕೂರು ಮತ್ತು ಕೋಲಾರ ಇದ್ದವು. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರದ ಭಾಗ. ದೇಶದಲ್ಲಿ ಅದಕ್ಕೆ ಮೊದಲು ಈ ಜ್ವರ ಎದ್ದದ್ದು 1973ರಲ್ಲಿ, ಮಹಾರಾಷ್ಟ್ರದ ಬಾರ್ಸಿಯಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷದ ಬಿಡುವು. ಹಾಗಾಗಿ ಹೆಚ್ಚಿನವರ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಜೊತೆಗೆ ನಮ್ಮದು ನೀರಿಲ್ಲದ ಸೀಮೆ. ವಾರಕ್ಕೊಮ್ಮೆ ನೀರು ಬಿಟ್ಟರೆ ಜನ ಡ್ರಮ್ಮು, ತೊಟ್ಟಿ, ಸಂಪು ತುಂಬಿಸಿಡದೆ ಏನು ಮಾಡಬೇಕು? ಈಡಿಸ್ ಮೊಟ್ಟೆ ಇಡುವುದು ಆ ನಿಂತ ನೀರಿನಲ್ಲೇ. ಹೆಚ್ಚು ಮಳೆಯ ನಾಡಿನಲ್ಲೇ ಸೊಳ್ಳೆ ಕಾಯಿಲೆ ಎಂದು ಸುಮ್ನೆ ಅಂದುಕೊಳ್ಳುತ್ತೇವೆ. ಬರದ ನಾಡಿಗೂ ಅದರದೇ ಸೊಳ್ಳೆ ಇದೆ.

ಊರೊಳಗೆ ಇದು ಹೇಗೆ ಹರಡುತ್ತದೆ ಎಂದು ಪೆರು ದೇಶದ ಇಕ್ವಿಟೋಸ್ ನಗರದಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಡೆಂಗಿ ರೋಗಿಯ ಪಕ್ಕದ ಮನೆ ಎಂಬುದಕ್ಕಿಂತ ರೋಗಿ ಹೋಗಿ ಬರುತ್ತಿದ್ದ ಮನೆಗಳು ಮುಖ್ಯ. ಅಕ್ಕನ ಮನೆ, ಅಜ್ಜಿಯ ಮನೆ, ಗೆಳೆಯರ ಮನೆ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಹಗಲು ನಾವು ಎಲ್ಲಿರುತ್ತೇವೋ ಅಲ್ಲಿ ಅದು ನಮ್ಮನ್ನು ಹಿಡಿಯುತ್ತದೆ.

ನಮ್ಮಲ್ಲಿ ಡೆಂಗಿ ಕೇಸು ಬಂದರೆ ಮೊದಲು ರೋಗಿಯ ಮನೆಯ ಸುತ್ತ ಹೊಗೆ ಹಾಕುತ್ತಾರೆ. ಅದು ಬೇಕು. ಆದರೆ ಶಿಡ್ಲಘಟ್ಟದ ರೀಲರ್ ಒಬ್ಬರು ಹಗಲೆಲ್ಲ ರೇಷ್ಮೆ ಘಟಕದಲ್ಲಿ, ಗೂಡಿನ ಮಾರುಕಟ್ಟೆಯಲ್ಲಿ ಇರುತ್ತಾರೆ. ಕೋಲಾರದ ಹಮಾಲಿ ಟೊಮೆಟೊ ಮಂಡಿಯಲ್ಲಿರುತ್ತಾರೆ. ಮಗು ಶಾಲೆಯಲ್ಲಿರುತ್ತದೆ. ಸೊಳ್ಳೆ ಅಲ್ಲೇ ಕಚ್ಚಿದ್ದರೆ ಮನೆಯ ಸುತ್ತ ಎಷ್ಟು ಹೊಗೆ ಹಾಕಿದರೂ ಮೂಲ ಉಳಿದೇ ಇರುತ್ತದೆ. ರೋಗಿಯನ್ನು ಮಾತಾಡಿಸುವಾಗ ವಿಳಾಸದ ಜೊತೆ ಇನ್ನೊಂದು ಪ್ರಶ್ನೆ ಕೇಳಬೇಕು: ಜ್ವರ ಬರುವ ಮೊದಲಿನ ಹತ್ತು ದಿನ ಹಗಲು ಎಲ್ಲೆಲ್ಲಿ ಇದ್ದಿರಿ?

ಮೊಬೈಲ್ ಹೇಳುವುದು, ಹೇಳದೇ ಇರುವುದು

ಜನರ ಓಡಾಟ ಅಳೆಯಲು ಈಗ ಮೊಬೈಲ್ ದೊಡ್ಡ ಸಾಧನ. ಕರೆ ಮಾಡಿದಾಗ ಯಾವ ಟವರ್‌ಗೆ ಸಿಕ್ಕಿತು ಎಂಬುದರಿಂದ ಹೆಸರು, ನಂಬರು ತೆಗೆದ ಮೇಲೂ ಜನರ ಹರಿವು ಕಾಣುತ್ತದೆ. 2012ರಲ್ಲಿ ಪ್ರಕಟವಾದ ಕೆನ್ಯಾದ ಅಧ್ಯಯನ ಸುಮಾರು 1.5 ಕೋಟಿ ಮೊಬೈಲ್‌ಗಳ ಓಡಾಟವನ್ನು ಮಲೇರಿಯಾ ನಕ್ಷೆಯ ಜೊತೆ ಜೋಡಿಸಿತು. ವಿಕ್ಟೋರಿಯಾ ಸರೋವರದ ಸುತ್ತಲಿಂದ ರಾಜಧಾನಿ ನೈರೋಬಿಗೆ ಮಲೇರಿಯಾ ಹೇಗೆ ಹೋಗುತ್ತದೆ ಎಂದು ಅದು ತೋರಿಸಿತು. 2013ರಲ್ಲಿ ಪಾಕಿಸ್ತಾನದಲ್ಲಿ ಎದ್ದ ಡೆಂಗಿಗೂ ಇಂಥದ್ದೇ ಲೆಕ್ಕ ಮಾಡಿದ್ದಾರೆ.

ಆದರೆ ಮೊಬೈಲ್ ಎಲ್ಲರನ್ನೂ ಎಣಿಸುವುದಿಲ್ಲ. ಮಕ್ಕಳ ಕೈಯಲ್ಲಿ ಸ್ವಂತ ನಂಬರು ಇರುವುದಿಲ್ಲ. ದಡಾರ ಹರಡುವುದು ಮಕ್ಕಳಲ್ಲೇ. ಬಡ ಮನೆಗಳಲ್ಲಿ ಗಂಡನದ್ದೊಂದೇ ಫೋನು. ಹೆಂಡತಿಯ ಓಡಾಟ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಯಾರು ಎಲ್ಲಿಗೆ ಹೋದರು ಎಂಬ ಮಾಹಿತಿ ತಪ್ಪು ಕೈಗೆ ಸಿಕ್ಕರೆ ಏನಾಗಬಹುದು ಎಂಬ ಭಯವೂ ಸಣ್ಣದಲ್ಲ.

ಆಫ್ರಿಕಾದ ನೈಜರ್ ದೇಶದಲ್ಲಿ ಸಂಶೋಧಕರು ಬೇರೆ ದಾರಿ ಹಿಡಿದರು. ಅಲ್ಲಿ ಸುಗ್ಗಿ ಮುಗಿದ ಮೇಲೆ ಹಳ್ಳಿಗರು ಕೆಲಸಕ್ಕಾಗಿ ನಗರಕ್ಕೆ ಗುಳೆ ಹೋಗುತ್ತಾರೆ. ಉಪಗ್ರಹದಿಂದ ರಾತ್ರಿ ತೆಗೆದ ಚಿತ್ರಗಳಲ್ಲಿ ಆಗ ನಗರದ ಬೆಳಕು ಹೆಚ್ಚುತ್ತದೆ. ಆ ಬೆಳಕು ಹೆಚ್ಚುವ ತಿಂಗಳುಗಳೂ ದಡಾರ ಏಳುವ ತಿಂಗಳುಗಳೂ ಹೊಂದಿಕೊಂಡವು. ಜನ ಒತ್ತಾಗಿ ಸೇರಿದಾಗ ದಡಾರ ಎದ್ದಿತು, ಮಳೆ ಬಂದು ಹೊಲಕ್ಕೆ ಮರಳಿದಾಗ ಇಳಿಯಿತು. 2011ರಲ್ಲಿ ಇದು ಪ್ರಕಟವಾಯಿತು.

ಗುಳೆ ಎಂದರೇನು ಎಂದು ಪಾವಗಡದವರಿಗೆ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಮನೆಗಳು ಎಷ್ಟೋ. ಹಾಗೆಯೇ ಬೇರೆ ಜಿಲ್ಲೆ, ಬೇರೆ ರಾಜ್ಯದವರು ನಮ್ಮ ಇಟ್ಟಿಗೆ ಗೂಡುಗಳಿಗೂ ಕಾರ್ಖಾನೆಗಳಿಗೂ ಬರುತ್ತಾರೆ. ಇವರನ್ನು ಸೋಂಕು ತರುವವರು ಎಂದು ನೋಡುವುದು ನನಗೆ ನೋವಿನ ವಿಷಯ. ಲಾರಿ ಡ್ರೈವರ್‌ಗಳನ್ನೂ ಹೀಗೇ ನೋಡಿದೆವು. ಕೋಲಾರದ ಟೊಮೆಟೊ ದೆಹಲಿಗೂ ಕೋಲ್ಕತ್ತಕ್ಕೂ ಹೋಗಬೇಕು, ಆದರೆ ತಲುಪಿಸಿ ಬಂದ ಡ್ರೈವರ್ ಊರೊಳಗೆ ಬರಬಾರದು ಅಂದರೆ ಹೇಗೆ? ಬೈಗುಳಕ್ಕೆ ಹೆದರಿದವರು ಎಲ್ಲಿಗೆ ಹೋಗಿದ್ದೆವು ಎಂದು ಹೇಳುವುದಿಲ್ಲ. ಅವರು ಹೇಳದಿದ್ದರೆ ಸೋಂಕು ಬಂದ ದಾರಿ ವೈದ್ಯರಿಗೆ ತಿಳಿಯುವುದಿಲ್ಲ.

ಓಡಾಟದಿಂದ ಚಿಕಿತ್ಸೆಯೂ ತುಂಡಾಗುತ್ತದೆ. ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ಇಳಿಯುತ್ತದೆ, ಕೆಲಸ ಸಿಗುತ್ತದೆ, ಮನುಷ್ಯ ಊರು ಬಿಡುತ್ತಾನೆ. ಮಾತ್ರೆ ನಿಲ್ಲುತ್ತದೆ. ಉಳಿದ ರೋಗಾಣು ಔಷಧಿಗೆ ಜಗ್ಗದಂತೆ ಗಟ್ಟಿಯಾಗಬಹುದು. ಹೊಸ ಊರಿನ ಇಕ್ಕಟ್ಟಾದ ಶೆಡ್ಡಿನಲ್ಲಿ ಅದು ಪಕ್ಕದವರಿಗೂ ಹರಡಬಹುದು. ಟಿಬಿ ರೋಗಿಯ ಹೆಸರು ನೋಂದಾಯಿಸಿದಾಗ ಕೊಡುವ ನಿಕ್ಷಯ್ ಸಂಖ್ಯೆ ದೇಶದ ಯಾವ ಸರ್ಕಾರಿ ಟಿಬಿ ಕೇಂದ್ರದಲ್ಲೂ ನಡೆಯುತ್ತದೆ. ಊರು ಬಿಡುವ ಮೊದಲು ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಹೇಳಿದರೆ ಮುಂದಿನ ಊರಿನಲ್ಲೇ ಮಾತ್ರೆ ಸಿಗುವಂತೆ ಮಾಡಿಕೊಡುತ್ತಾರೆ. ಇದು ಗೊತ್ತಿಲ್ಲದೆ ಮಾತ್ರೆ ಬಿಟ್ಟವರು ಬಹಳ.

ಮಕ್ಕಳ ಲಸಿಕೆಯದೂ ಇದೇ ಪಾಡು. ದಡಾರದ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ದಡಾರ ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. ಗುಳೆ ಹೋದ ಮನೆಯ ಮಗುವಿಗೆ ಮೊದಲನೆಯದು ಪಾವಗಡದಲ್ಲಿ ಆಗಿರುತ್ತದೆ. ಎರಡನೆಯದರ ಹೊತ್ತಿಗೆ ಅದು ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ಶೆಡ್ಡಿನಲ್ಲಿರುತ್ತದೆ. ಇಲ್ಲಿನ ಪಟ್ಟಿಯಲ್ಲಿ ಮನೆಯಲ್ಲಿಲ್ಲ ಎಂದಿರುತ್ತದೆ. ಅಲ್ಲಿನ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಲಸಿಕೆಗೆ ಊರಿನ ವಿಳಾಸ ಬೇಕಿಲ್ಲ. ಹತ್ತಿರದ ಯಾವುದೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಹಾಕುತ್ತಾರೆ. ತಾಯಿ ಕಾರ್ಡ್ ಜೊತೆಗಿದ್ದರೆ ಯಾವ ಡೋಸ್ ಬಾಕಿ ಎಂದು ಕೂಡಲೇ ತಿಳಿಯುತ್ತದೆ. ಕಾರ್ಡ್ ಊರಲ್ಲೇ ಉಳಿದಿದ್ದರೆ ಅದರ ಫೋಟೊ ತರಿಸಿಕೊಳ್ಳಿ. ಅದೂ ಆಗದಿದ್ದರೆ ಮಗುವನ್ನು ಹಾಗೆಯೇ ಕರೆದುಕೊಂಡು ಹೋಗಿ.